ಆರು ಗಂಟೆಯ ತನಕ

ಆನ್‌ಲೈನ್ ಪರೀಕ್ಷೆ ನಡುವೆಯೇ ನಿಂತುಹೋಗಿ ಅಂದಿಗೆ ಒಂದು ವಾರ. ಮರುದಿನ ತನಿಖೆಯವರು ಬರುವವರಿದ್ದರು. ಪರೀಕ್ಷೆ ನಡೆಸಿದ ಕ್ಲೌಡ್‌ನ ವರ್ಚುವಲ್ ಮಷೀನುಗಳು ಸದಾನಂದನ ಸುಪರ್ದಿಯಲ್ಲಿದ್ದವು. ಅವೇ ಕೈಕೊಟ್ಟಿರಬೇಕೆಂಬ ಅಳುಕು ಅವನಿಗೆ. ಅವು ಹೇಗೆ ಓಡಿದವೆಂಬ ಅಂಕಿಅಂಶ ಉಳಿಯುವುದು ಒಂದು ವಾರವಷ್ಟೇ. ಸಂಜೆ ಆರಕ್ಕೆ ಅದು ತಾನಾಗಿ ಅಳಿಸಿಹೋಗಲಿತ್ತು.

"ಕಾಪಿ ತೆಗೆದಿಡ್ಲಾ ಸಾರ್?" ಎಂದಳು ಕೈಕೆಳಗಿನ ಇಂಜಿನಿಯರ್ ರುಬೀನಾ.

"ಮುಟ್ಟಬೇಡಿ."

"ಒಂದ್ಸಲ ನೋಡಿಬಿಡಿ ಸಾರ್..."

"ನೋಡಿದ್ರೆ ನಾಳೆ ಸುಳ್ಳು ಹೇಳ್ಬೇಕಾಗುತ್ತೆ ಕಣಮ್ಮ. ಸುಮ್ನಿರಿ."

ಗಡಿಯಾರದಲ್ಲಿ ನೆಟ್ಟ ಕಣ್ಣನ್ನು ಅವನು ಕೀಳಲಿಲ್ಲ. ಆರಾಯಿತು. ಪರದೆ ಖಾಲಿಯಾಯಿತು. ಅವನಿಗೆ ಹೋದ ಜೀವ ಬಂದಂತಾಯಿತು.

"ಈಗ ಹೇಳಿ, ಏನಿತ್ತು ಅದ್ರಲ್ಲಿ?"

"ಪರೀಕ್ಷೆ ನಿಂತಾಗ್ಲೂ ನಮ್ಮ ಮಷೀನುಗಳು ಸರಿಯಾಗೇ ಓಡ್ತಿದ್ವು ಅನ್ನೋದಕ್ಕೆ ಸಾಕ್ಷಿ, ಸಾರ್."