ಒಗೆಯದ ಟವೆಲ್

ಹಸು ಒದ್ದ ಏಟಿಗೆ ಬಕೆಟ್ ಹೋಗಿ ಗೋಡೆಗೆ ಬಡಿಯಿತು. ಚೆಲ್ಲುವುದಕ್ಕೆ ಅದರಲ್ಲಿ ಒಂದು ತೊಟ್ಟು ಹಾಲೂ ಇರಲಿಲ್ಲ. ಅವಳು ಮೈಮೇಲಿದ್ದ ಗಂಡನ ಅಂಗಿಯ ತೋಳನ್ನು ಮೂಸಿದಳು. ಆಗಷ್ಟೇ ಸೋಪಿನ ವಾಸನೆ ಮೂಗಿಗೆ ಬಡಿಯಿತು.

"ನಾನೇ ಒಗೆದೆ ಅತ್ತಿಗೆ," ಎಂದಳು ಬಾಗಿಲಲ್ಲಿ ನಿಂತಿದ್ದ ನಾದಿನಿ. "ಅಣ್ಣ ಹೋಗಿ ಹದಿನೆಂಟು ದಿನ ಆಯ್ತು. ದಿನಾ ಅದೇ ಕೊಳೆ ಅಂಗಿ ಹಾಕ್ಕೋತೀರಿ, ನೋಡೋಕಾಗ್ಲಿಲ್ಲ."

"ನನಗಲ್ಲ ಕಣೇ, ಇದಕ್ಕೆ. ದಿನಾ ಹಾಲು ಕರೀತಿದ್ದೋರು ನಿಮ್ಮಣ್ಣ. ಅವರ ವಾಸನೆ ಇಲ್ದೆ ಇದು ಹಾಲಿಳಿಸಲ್ಲ."

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಇವಳಿಗೆ ಅಳು ಬರಲಿಲ್ಲ. ಅವನನ್ನು ಗುಡ್ಡದ ಮೇಲಿನ ಹೊಲದಿಂದ ಹೊತ್ತು ತಂದ ದಿನವೂ ಬಂದಿರಲಿಲ್ಲ. ಕೆಚ್ಚಲು ಮುಟ್ಟಿ ನೋಡಿದಳು. ಬಿಗಿದು ಕಲ್ಲಾಗಿತ್ತು. ಸಂಜೆಯವರೆಗೆ ಬಿಟ್ಟರೆ ಬಾವು ಬರುತ್ತದೆ.

ಒಳಗೆ ಹೋಗಿ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದಳು. ಅದರ ಬಾಯಿಗೆ ಮೂರು ಗಂಟು. ಒಳಗಿದ್ದದ್ದು ಆಲೂಗಡ್ಡೆ ಅಗೆಯುವಾಗ ಅವನು ತಲೆಗೆ ಸುತ್ತಿಕೊಳ್ಳುತ್ತಿದ್ದ ಟವೆಲ್. ಅದೊಂದನ್ನು ತನಗೆಂದು ಎತ್ತಿಟ್ಟುಕೊಂಡಿದ್ದಳು. ವಾಸನೆ ಹಾರಿಹೋದೀತೆಂದು ಒಮ್ಮೆಯೂ ಬಿಚ್ಚಿರಲಿಲ್ಲ.

ಈಗ ಬಿಚ್ಚಿ ನಾದಿನಿಯ ಕೈಗೆ ಕೊಟ್ಟಳು. "ಮೂತಿ ಹತ್ರ ಹಿಡ್ಕೋ."

ಹಸು ಮೂಸಿತು. ನಿಗುರಿದ್ದ ಕಿವಿಗಳು ಜೋತುಬಿದ್ದವು. ಬಕೆಟ್ಟಿನ ತಳಕ್ಕೆ ಹಾಲು ಸೊರ್ರನೆ ಬಿತ್ತು.

"ಅತ್ತಿಗೆ, ಇದು ಟವೆಲ್ ನೆಕ್ತಾ ಇದೆ! ಪೂರ್ತಿ ಒದ್ದೆ ಆಯ್ತು. ಕಿತ್ಕೊಳ್ಳಲಾ?"

ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿ ಅವಳು ಹಾಲು ಕರೆಯುತ್ತಲೇ ಇದ್ದಳು.

"ಬೇಡ. ಇನ್ನೂ ಎರಡು ಮೊಲೆ ಕರೀಬೇಕು."