ಸೋರುವ ಅಡುಗೆಮನೆ

ಸ್ಕಾಟ್ಲೆಂಡಿನ ಆ ಹಳ್ಳಿಗೆಲ್ಲ ಚಾವಣಿ ರಿಪೇರಿಯವನು ಹೇಮಿಶ್ ಒಬ್ಬನೇ. ಇಂದುಮತಿಯ ಅಡುಗೆಮನೆ ಸೋರತೊಡಗಿದಾಗ ಬಂದ, ತಲೆಯೆತ್ತಿ ನೋಡಿದ, ಚಹಾ ಕುಡಿದ, “ಮುಂದಿನ ವಾರ ಶುರು ಮಾಡೋಣ” ಎಂದು ಹೋದ. ಚಳಿಗಾಲ ಕಳೆದರೂ ಆ ವಾರ ಬರಲಿಲ್ಲ.

“ಅವನ ಮೇಲೆ ರೇಗಿಬಿಟ್ಟೀಯ ಕಣಮ್ಮಾ, ಅವನು ಮುನಿಸಿಕೊಂಡ್ರೆ ಆಮೇಲೆ ಬರೋದೇ ಇಲ್ಲ” ಎಂದಳು ಪಕ್ಕದ ಮನೆಯ ಮುದುಕಿ.

ಸೋರುವಲ್ಲೆಲ್ಲ ಪಾತ್ರೆ ಇಟ್ಟಿಟ್ಟು ಸಾಕಾದ ಇಂದುಮತಿ, ಯಾರಿಗೂ ಹೇಳದೆ ಪಟ್ಟಣದ ದೊಡ್ಡ ಕಂಪನಿಗೆ ಫೋನ್ ಮಾಡಿದಳು.

“ನಾಳೆ ಬೆಳಿಗ್ಗೇನೇ ನಮ್ಮವರು ಬರ್ತಾರೆ, ಮೇಡಂ.”

ಹೇಳಿದಂತೆ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಓಡಿಹೋಗಿ ತೆರೆದಳು.

ಕಂಪನಿಯ ಹೊಸ ಅಂಗಿ ತೊಟ್ಟ ಹೇಮಿಶ್ ಒಳಗೆ ಬಂದು, ತಲೆಯೆತ್ತಿ ನೋಡಿದ.

“ಈ ಕಡೆ ಕೆಲಸವನ್ನೆಲ್ಲ ಅವರು ನನಗೇ ಕೊಡೋದು. ಸ್ವಲ್ಪ ಚಹಾ ಸಿಗುತ್ತಾ? ಮುಂದಿನ ವಾರ ಶುರು ಮಾಡೋಣ.”