ತಡವಾಗಿ ಬಂದ ಕಂಚು

ಕೊರಿಯರ್‌ನವನು ತಂದ ಪೊಟ್ಟಣಕ್ಕೆ ಸಹಿ ಹಾಕಿ ಒಳಗಿಟ್ಟವರು ಸುಗಂಧಿ. ಸಂಜೆ ಲಾಸ್ ಏಂಜಲೀಸ್ ಕಡೆಯ ನಾರ್ತ್‌ರಿಜ್‌ನ ಜಿಮ್ಮಿನ ಕೆಲಸ ಮುಗಿಸಿ ಬಂದ ಸೊಸೆ, ಅದು ಎಲ್ಲಿಂದ ಬಂದದ್ದೆಂದು ಒಮ್ಮೆ ನೋಡಿದಳು. ತೆರೆಯಲಿಲ್ಲ. ಫ್ರಿಜ್ಜಿನ ಮೇಲಿಟ್ಟು ಸ್ನಾನಕ್ಕೆ ಹೋದಳು. ಒಳಗಿರುವುದು ಪದಕವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಸೊಸೆಯ ಹೆಸರು ಕದ್ರಿ. ಎಸ್ಟೋನಿಯಾ ಎಂಬ ಚಳಿ ದೇಶದವಳು. ಮಗ ಶಿಶಿರ್ ಮೊದಲ ಸಲ ಫೋನಿನಲ್ಲಿ ಆ ಹೆಸರು ಹೇಳಿದಾಗ, ಹುಡುಗಿ ಮಂಗಳೂರಿನ ಕದ್ರಿಯವಳೆಂದೇ ತಿಳಿದ ಸುಗಂಧಿ, ಮನೆ ದೇವಸ್ಥಾನದ ಕಡೆಗಾ ಪಾರ್ಕಿನ ಕಡೆಗಾ ಎಂದು ವಿಚಾರಿಸಿದ್ದರು. ಮದುವೆಗೆ ಮೊದಲು ಅವಳು ತನ್ನ ದೇಶದ ಬಯಾಥ್ಲಾನ್ ತಂಡದಲ್ಲಿದ್ದವಳು. ಬೆನ್ನಿಗೆ ಬಂದೂಕು ಕಟ್ಟಿಕೊಂಡು ಹಿಮದ ಮೇಲೆ ಸ್ಕೀ ಹಾಕಿಕೊಂಡು ಓಡಬೇಕು, ಎದೆ ಡವಗುಟ್ಟುತ್ತಿರುವಾಗಲೇ ನಿಂತು ದೂರದ ಕಪ್ಪು ಚುಕ್ಕೆಗೆ ಗುರಿಯಿಟ್ಟು ಹೊಡೆಯಬೇಕು. ವಿಶ್ವ ಚಾಂಪಿಯನ್‌ಶಿಪ್ಪಿನ ಒಂದು ಓಟದಲ್ಲಿ ಅವಳ ಒಂದು ಗುಂಡೂ ತಪ್ಪಲಿಲ್ಲ. ಆದರೂ ನಾಲ್ಕನೆಯವಳಾದಳು. ಅಂದು ಗೆದ್ದವಳು ನಿಷೇಧಿತ ಮದ್ದು ತೆಗೆದುಕೊಂಡಿದ್ದಳೆಂಬುದು ಹನ್ನೆರಡು ವರ್ಷ ಕಳೆದ ಮೇಲೆ ಈಗ ಸಾಬೀತಾಗಿ, ಹಿಂದಿದ್ದವರೆಲ್ಲ ಒಂದೊಂದು ಸ್ಥಾನ ಮೇಲೆ ಬಂದಿದ್ದರು. ಕದ್ರಿಗೆ ಕಂಚು ಸಿಕ್ಕಿತ್ತು.

ಶಿಶಿರ್‌ನ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಕಾರ್ಮೆಲ್ ವ್ಯಾಲಿಯಿಂದ ಹಿಡಿದು ಇಲ್ಲಿ ಸ್ಯಾಂಟಾ ಕ್ಲಾರಿಟಾದವರೆಗಿನ ಕನ್ನಡದವರನ್ನೆಲ್ಲ ಶನಿವಾರದ ಊಟಕ್ಕೆ ಕರೆದ, ಕೇಕಿಗೂ ಹೇಳಿದ. ಕದ್ರಿ ಮಾತ್ರ, ಪದಕವನ್ನು ವಾಪಸ್ ಕಳಿಸುತ್ತೇನೆ ಎಂದಳು. ಅವನು ಯಾಕೆಂದು ಕೇಳಿದ, ಅವಳು ಸಿಂಕಿನ ಕಡೆ ತಿರುಗಿ ಪಾತ್ರೆ ತೊಳೆಯತೊಡಗಿದಳು. ಮುಖ ಸಣ್ಣದು ಮಾಡಿಕೊಂಡು ಮಗಳು ಅಶ್ವಿತಾಳನ್ನು ಸ್ವಿಮ್ಮಿಂಗ್ ಕ್ಲಾಸಿಗೆ ಕರೆದುಕೊಂಡು ಹೊರಟುಹೋದ.

ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಸುಗಂಧಿ ಬೀನ್ಸಿನ ನಾರು ತೆಗೆಯುತ್ತ ಮೆಲ್ಲಗೆ ಕೇಳಿದರು. "ನಿನ್ನದೇ ಅಲ್ಲವಾ ಮಾರಾಯ್ತಿ ಅದು? ಯಾಕೆ ಬೇಡ?"

ಕದ್ರಿ ಅತ್ತೆಯಿಂದಲೇ ಕಲಿತ ಕನ್ನಡದಲ್ಲಿ, ಸಾಲದ ಕಡೆ ಇಂಗ್ಲಿಷ್ ಸೇರಿಸಿ, ಮೊದಲ ಬಾರಿ ಎಲ್ಲವನ್ನೂ ಹೇಳಿದಳು. ಅಂದು ಗೆದ್ದವರು ಪದಕದ ವೇದಿಕೆಯ ಮೇಲೆ ನಿಂತಿದ್ದಾಗ ಅವಳು ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ದಳು. ಓಟ ನೋಡಲು ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ಅವಳಮ್ಮ ಬಿಸಿ ಚಹಾ ಕೈಗಿಟ್ಟು, ನಾಲ್ಕನೆಯದು ಒಂದು ಜಾಗವೇ ಅಲ್ಲ ಎಂದಿದ್ದಳು. ಕದ್ರಿ ಅದನ್ನು ನಂಬಿದಳು. ತನ್ನಲ್ಲೇ ಏನೋ ಕೊರತೆಯೆಂದು ಓಡುವ ರೀತಿ ಬದಲಿಸಿದಳು, ಭುಜದ ನೋವನ್ನು ಮುಚ್ಚಿಟ್ಟು ತರಬೇತಿ ಮಾಡಿದಳು. ಭುಜ ಕೈಕೊಟ್ಟಿತು, ತಂಡ ಕೈಬಿಟ್ಟಿತು. ಇಪ್ಪತ್ತಾರಕ್ಕೇ ಆಟ ಮುಗಿಯಿತು. ಯಾರದೋ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿದು ಲಾಸ್ ಏಂಜಲೀಸ್‌ಗೆ ಬಂದಳು. ಮಗಳಿಗೆ ಒಂದು ಪದಕ ಗೆಲ್ಲಲಾಗಲಿಲ್ಲ ಎಂದುಕೊಂಡೇ ಅಮ್ಮ ತೀರಿಕೊಂಡಳು.

"ಸಿಟ್ಟು ಬರಬೇಕು ಅತ್ತೆ. ಬರ್ತದೆ, ಆದ್ರೆ ಪೂರ್ತಿ ಬರೋದಿಲ್ಲ," ಎಂದಳು ಕದ್ರಿ. "ಅವತ್ತೇ ಮೆಡಲ್ ಸಿಕ್ಕಿದ್ರೆ ನಾನು ಈ ದೇಶಕ್ಕೆ ಬರ್ತಿರ್ಲಿಲ್ಲ. ಶಿಶಿರ್ ಸಿಗ್ತಿರ್ಲಿಲ್ಲ. ಅಶ್ವಿತಾ ಹುಟ್ತಿರ್ಲಿಲ್ಲ. ಶನಿವಾರ ಎಲ್ರೂ ಬಂದು, ಅವತ್ತೇ ಸಿಗಬೇಕಿತ್ತು ಅಂತಾರೆ. ನಾನು ಹೌದು ಅನ್ನೋದಾ, ಇಲ್ಲ ಅನ್ನೋದಾ?"

ಆದದ್ದೆಲ್ಲ ಒಳ್ಳೆಯದಕ್ಕೇ ಎಂಬ ಮಾತು ಸುಗಂಧಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. ಒಳ್ಳೆಯದಾದದ್ದು ಯಾರಿಗೆ? ಕೊರೊನಾ ಹಿಡಿದು ಮಲಗಿದ್ದಾಗ ಗಂಜಿ ಕುಡಿಸಿದ ಈ ಸೊಸೆ, ಅಜ್ಜಿಯ ಸೀರೆಯ ಸೆರಗಿನಲ್ಲಿ ಅಡಗುವ ಆ ಮೊಮ್ಮಗಳು, ಎಲ್ಲವೂ ತಮ್ಮ ಪಾಲಿಗೆ ಬಂದವು. ಕಳೆದುಕೊಂಡವಳು ಎದುರಿಗೆ ನಿಂತಿದ್ದಳು.

ಕೊನೆಗೆ ಅವರು ಹೇಳಿದ್ದು ಇಷ್ಟೆ. "ನಿನ್ನ ಅಮ್ಮನಿಗೆ ನೋಡ್ಲಿಕ್ಕೆ ಸಿಗಲಿಲ್ಲ. ನನಗಾದರೂ ಒಮ್ಮೆ ತೋರಿಸು. ಆಮೇಲೆ ಬೇಕಾದ್ರೆ ಕಳಿಸು."

ಕದ್ರಿ ಫ್ರಿಜ್ಜಿನ ಹತ್ತಿರ ಹೋದಳು. ಪೊಟ್ಟಣ ಇಳಿಸಿ, ತರಕಾರಿಯ ಚೂರಿಯಿಂದಲೇ ಅಂಟು ಕತ್ತರಿಸಿದಳು. ಪದಕ ಎಣಿಸಿದ್ದಕ್ಕಿಂತ ಭಾರವಾಗಿತ್ತು. ಪಟ್ಟಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಸುಗಂಧಿ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡರು, ಬಗ್ಗು ಎಂದರು. ತಮಗಿಂತ ಒಂದು ಮೊಳ ಎತ್ತರದ ಸೊಸೆ ಬಗ್ಗಿದಳು. ಕೊರಳಿಗೆ ಹಾಕಿಯಾದ ಮೇಲೂ ಅವಳು ಬೇಗ ತಲೆಯೆತ್ತಲಿಲ್ಲ. ಸುಗಂಧಿ ಬೆನ್ನ ಮೇಲೆ ಕೈಯಿಟ್ಟು ನಿಂತರು. ಮುಖ ತೊಳೆದು ಬಂದು, ಶನಿವಾರ ಜನ ಬರಲಿ, ಆದರೆ ಯಾರೂ ಭಾಷಣ ಮಾಡುವುದು ಬೇಡ ಎಂದು ಶಿಶಿರ್‌ಗೆ ಹೇಳಿ ಎಂದಳು ಕದ್ರಿ.

ಹೊತ್ತು ಮುಳುಗಿತ್ತು. ಸುಗಂಧಿ ದೇವರ ಮುಂದೆ ದಿನದ ಎರಡು ದೀಪ ಹಚ್ಚಿದರು. ಆಮೇಲೆ ದೀಪಾವಳಿಯ ಡಬ್ಬಿಯಿಂದ ಒಂದು ಹಣತೆ ಹುಡುಕಿ ತಂದು, ಬತ್ತಿ ಹಾಕಿ, ಸ್ವಲ್ಪ ದೂರದಲ್ಲಿ ಬೇರೆಯಾಗಿ ಇಟ್ಟರು.

"ಇದು ಯಾರಿಗೆ?" ಎಂದಳು ಕದ್ರಿ.

"ಮದ್ದು ತಿಂದು ಗೆದ್ದ ಆ ಕಳ್ಳಿಗೆ," ಎಂದರು ಸುಗಂಧಿ, ಅವಳ ಮುಖ ನೋಡದೆ. "ನೀನು ಹಚ್ಚಬೇಕು ಅಂತ ಇಲ್ಲ. ಇದು ನಂದು."

ಕದ್ರಿ ಕೊರಳಿನ ಕಂಚನ್ನು ಮುಷ್ಟಿಯಲ್ಲಿ ಹಿಡಿದು ಹಣತೆಯನ್ನೇ ನೋಡುತ್ತ ನಿಂತಳು. ಅತ್ತೆ ಎಣ್ಣೆಯ ಬಾಟಲಿ ಬಗ್ಗಿಸುವಾಗ ಮೆಲ್ಲಗೆ ಹೇಳಿದಳು:

"ಎಣ್ಣೆ ಸ್ವಲ್ಪವೇ ಹಾಕಿ, ಅತ್ತೆ."